ಚೀಸಿಗೆ ಸೇರಿದ ಎಲೆ

ಬ್ರಹ್ಮಾವರದ ತನಕ

ವಿಮಾನ ನಿಲ್ದಾಣಕ್ಕೆ ಹೊರಟ ಕಾರು ಬ್ರಹ್ಮಾವರ ತಲುಪುವಷ್ಟರಲ್ಲಿ ಪಾಸ್‌ಪೋರ್ಟ್ ಇದೆಯೇ ಎಂದು ನಾಲ್ಕನೆಯ ಸಲ ಕೈಚೀಲ ಬಿಚ್ಚಿದ್ದೆ. ಪಕ್ಕದಲ್ಲಿದ್ದ ಅತ್ತಿಗೆ ಕಿಟಕಿಯಿಂದ ಮುಖ ತಿರುಗಿಸದೆಯೇ, “ಟೀಚರ್ರೆ, ಅದಕ್ಕೆಂತ ರೆಕ್ಕಿ ಇತ್ತಾ ಹಾರಿ ಹೋಪುಕೆ? ಸುಮ್ನೆ ಕೂಕಣಿ” ಎಂದರು.

ನಿಜಕ್ಕೆ ಹೆದರಬೇಕಾದವರು ಅವರು. ಅಣ್ಣನ ಹೆಂಡತಿ ಸುಶೀಲತ್ತಿಗೆ ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂತು ಮೂರು ಮಕ್ಕಳನ್ನು ಓದಿಸಿದವರು. ವಿಮಾನ ನೋಡಿದ್ದು ಕೋಡಿಯ ಕಡಲ ಮೇಲೆ ಹಾರುವಾಗ ಮಾತ್ರ. ನಾನೋ ಬೈಂದೂರಿನ ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅತ್ತಿಗೆಯ ಕೊನೆಯ ಮಗಳು ಅಶ್ವಿನಿ ಹೋಟೆಲ್ ಕೆಲಸ ಕಲಿತು, ಮುಂಬೈಯಲ್ಲಿ ಎರಡು ವರ್ಷ ಇದ್ದು, ಈಗ ಆಸ್ಟ್ರಿಯದ ಒಂದು ಬೆಟ್ಟದೂರಿನ ಸಣ್ಣ ವಸತಿಗೃಹದಲ್ಲಿ ಅಡುಗೆ ಸಹಾಯಕಿ. ಬಂದು ಹೋಗು ಎಂದು ಅಮ್ಮನನ್ನು ಕರೆದಾಗ ಅತ್ತಿಗೆ ಒಂದೇ ಮಾತು ಹೇಳಿದ್ದರು: “ಟೀಚರ್ ಬಂದ್ರೆ ಬತ್ತೆ, ಇಲ್ದಿರೆ ಇಲ್ಲೆ.” ಹಾಗಾಗಿ ನಾನು ಹೊರಟಿದ್ದು ಧೈರ್ಯ ಹೇಳುವವಳಾಗಿ. ದಾರಿಯುದ್ದಕ್ಕೂ ಧೈರ್ಯ ಹೇಳಿಸಿಕೊಂಡವಳೂ ನಾನೇ.

ತೆರೆಯದ ಬಾಗಿಲು

ವಿಯೆನ್ನಾದಿಂದ ಎರಡು ರೈಲು ಹಿಡಿಯಬೇಕಿತ್ತು. ಎರಡನೆಯ ರೈಲು ನಾವಿಳಿಯುವ ನಿಲ್ದಾಣದಲ್ಲಿ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಪೆಟ್ಟಿಗೆಗಳನ್ನು ಹಿಡಿದು ಬಾಗಿಲಿಗೆ ಮುಖ ಮಾಡಿ ನಿಂತೆವು. ಹಾಲಾಡಿಯಲ್ಲಿ ಬಸ್ಸು ನಿಂತರೆ ಕಂಡಕ್ಟರ್ ನಮ್ಮ ಚೀಲವನ್ನು ನಮಗಿಂತ ಮೊದಲೇ ಇಳಿಸಿ, “ಬೇಗ ಬೇಗ” ಎಂದು ಬೆನ್ನ ಹಿಂದೆ ಕೂಗುತ್ತಾನೆ. ಇಲ್ಲಿ ಡಬ್ಬಿಯ ತುಂಬ ಜನ. ಯಾರದೂ ಉಸಿರಿಲ್ಲ. ರೈಲು ಹೊರಟೇಬಿಟ್ಟರೆ ಯಾವ ದೇಶಕ್ಕೆ ಹೋಗಿ ಬೀಳುತ್ತೇವೆ ಎಂದು ಲೆಕ್ಕ ಹಾಕತೊಡಗಿದೆ.

ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ಎದ್ದು ಬಂದು, ಬಾಗಿಲ ಪಕ್ಕದ ಹಸಿರು ಗುಂಡಿ ಒತ್ತಿ, ಒಂದು ಮಾತೂ ಆಡದೆ ಹೋಗಿ ಕೂತರು. ಬಾಗಿಲು ತೆರೆಯಿತು.

“ಬಾಯಿ ಬಿಟ್ ಕೇಂಡಿದ್ರೆ ಆಗಳೇ ಆತಿತ್ತಲೆ?” ಎಂದರು ಅತ್ತಿಗೆ, ಪೆಟ್ಟಿಗೆ ಇಳಿಸುತ್ತ. ಕೇಳಲು ನನಗೆ ನಾಚಿಕೆಯಾಗಿತ್ತು. ಇಂಗ್ಲಿಷ್ ಬರುವವಳು ನಾನು. ನನಗೆ ಗೊತ್ತಿಲ್ಲ ಎಂದು ಹತ್ತು ಜನರ ಎದುರು ತೋರಿಸಿಕೊಳ್ಳುವುದು ನನ್ನಿಂದ ಆಗದ ಕೆಲಸ. ಮೇಷ್ಟರ ಕೆಲಸ ಮಾಡಿದವರಿಗೆ ಅಂಟುವ ರೋಗವೋ ಏನೋ.

ಮಾರ್ಥಾರ ಅಡುಗೆಮನೆ

ವಸತಿಗೃಹದ ಯಜಮಾನಿ ಮಾರ್ಥಾ. ಅರವತ್ತೈದರ ಆಸುಪಾಸು, ಗಟ್ಟಿ ಮೈಕಟ್ಟು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮನೆಯ ಕಿಟಕಿಗಳಿಗೆಲ್ಲ ಹೂವಿನ ಪೆಟ್ಟಿಗೆಗಳು. ನಾವು ಮುಡಿಯಲು, ದೇವರಿಗೆ ಇಡಲು ಹೂ ಬೆಳೆಸಿದರೆ ಅವರು ಬೆಳೆಸಿದ್ದು ತಟ್ಟೆಗೆ.

ಅಶ್ವಿನಿ ಅದನ್ನು ಮೊದಲ ದಿನವೇ ತೋರಿಸಿದಳು. ಮೇಕೆಯ ಹಾಲೊಡೆಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದ ಹಸಿ ಚೀಸು. ಪನೀರಿಗಿಂತ ಮೆದು, ಬೆಣ್ಣೆಗಿಂತ ಗಟ್ಟಿ. ಅದಕ್ಕೆ ಉಪ್ಪು, ಕಾಳುಮೆಣಸು, ತುರಿದ ನಿಂಬೆ ಸಿಪ್ಪೆ, ಸಣ್ಣಗೆ ಹೆಚ್ಚಿದ ಸೊಪ್ಪು ಸೇರಿಸಿ ನಾದಬೇಕು. ಎಣ್ಣೆಕಾಗದದ ಮೇಲೆ ಹೂಗಳನ್ನು ಬೋರಲು ಹಾಕಿ, ನಡುನಡುವೆ ಎಳೆಯ ಎಲೆಗಳನ್ನಿಟ್ಟು, ಚೀಸನ್ನು ಅದರ ಮೇಲೆ ಸುರುಳಿಯಾಗಿ ಉರುಳಿಸಿ ಬಿಗಿಯಾಗಿ ಸುತ್ತಿ ತಣ್ಣಗಿಡಬೇಕು. ಕಾಗದ ಬಿಡಿಸಿದಾಗ ಬಿಳಿಯ ಮೈತುಂಬ ನೇರಳೆ, ಹಳದಿ ಹೂಗಳು ಅಚ್ಚೊತ್ತಿದಂತೆ ಕಾಣುತ್ತವೆ. ಊಟಕ್ಕೆ ಮೊದಲು ತೆಳ್ಳಗೆ ಕತ್ತರಿಸಿ ರೊಟ್ಟಿಯೊಂದಿಗೆ ಕೊಡುತ್ತಾರೆ.

“ಚಂದ ಹೌದ್,” ಎಂದರು ಅತ್ತಿಗೆ. “ಆರೆ ದೇವ್ರಿಗ್ ಇಡು ಹೂಗು ತಿಂಬುದಾ?”

“ಅಮ್ಮ, ನಾವ್ ಕೇಪಳ ಹೂಗಿನ ತಂಬ್ಳಿ ಉಂಬುದಿಲ್ಯಾ?”

“ಅದ್ ತಂಬ್ಳಿ ಮಾರಾಯ್ತಿ. ಇದ್ ಮದಿ ಮಂಟಪ ಕಂಡಂಗ್ ಇತ್ತ್.”

ಬರುವ ಭಾನುವಾರ ಒಂದು ಕುಟುಂಬದ ಹದಿನಾರು ಮಂದಿ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಮೊದಲ ತಟ್ಟೆ ಪೂರ್ತಿ ಅಶ್ವಿನಿಯದೇ ಎಂದು ಮಾರ್ಥಾ ಹೇಳಿದ್ದರು. ಚೆನ್ನಾಗಾದರೆ ಅವಳು ಒಲೆಯ ಮುಂದೆ ಖಾಯಂ. ಇಲ್ಲದಿದ್ದರೆ ಪಾತ್ರೆ ತೊಳೆಯುವುದು, ಕೋಣೆ ಗುಡಿಸುವುದು ಮುಂದುವರಿಯುತ್ತದೆ. ಇಲ್ಲಿಗೆ ಬಂದ ಎರಡು ವರ್ಷದಿಂದ ಅವಳು ಕಾದದ್ದು ಈ ಒಂದು ತಟ್ಟೆಗೆ.

ಸೊಪ್ಪು ಕಾಡಿನದು. ಮಾರ್ಥಾ ನಮ್ಮನ್ನು ತೊರೆಯ ಬದಿಗೆ ಕರೆದುಕೊಂಡು ಹೋಗಿ ತೋರಿಸಿದರು. ನೆಲದ ತುಂಬ ಉದ್ದನೆಯ, ಈಟಿಯಂಥ ಹಸಿರು ಎಲೆಗಳು. ಅವರ ಭಾಷೆಯಲ್ಲಿ ಅದರ ಹೆಸರಿಗೆ ಕರಡಿ ಬೆಳ್ಳುಳ್ಳಿ ಎಂದರ್ಥವಂತೆ. ಹರಿದು ಮೂಸಿದರೆ ಘಮ್ಮೆನ್ನುವ ಬೆಳ್ಳುಳ್ಳಿ ವಾಸನೆ. ನನ್ನೊಳಗಿನ ಟೀಚರ್ ಎದ್ದು ಕೂತಳು. ಸಮಾನಾಂತರ ನರಗಳು, ಗೆಡ್ಡೆ, ಈರುಳ್ಳಿಯ ಬಳಗ ಎಂದೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದೆ. ಮಾರ್ಥಾ ಹುಬ್ಬೇರಿಸಿ “ಪ್ರೊಫೆಸರ್” ಎಂದರು. ಆಮೇಲೆ ಎಲೆಯ ಬೆನ್ನು ತೋರಿಸುತ್ತ ಜರ್ಮನ್‌ನಲ್ಲಿ ಏನೋ ಉದ್ದಕ್ಕೆ ಹೇಳತೊಡಗಿದರು. ಅಶ್ವಿನಿ, “ಅತ್ತೆ, ಇದೇ ನಮೂನಿದ್ ಬೇರೆ ಒಂದ್ ಇತ್ತಂಬ್ರ್...” ಎಂದು ಶುರುಮಾಡಿದಳು.

“ಗೊತ್ತ್, ಗೊತ್ತ್” ಎಂದೆ ನಾನು. ಗೊತ್ತಿರಲಿಲ್ಲ. ಹೊಗಳಿಕೆ ಇನ್ನೂ ಕಿವಿಯಲ್ಲಿತ್ತು.

ಭಾನುವಾರ ಬೆಳಿಗ್ಗೆ

ಅಶ್ವಿನಿ ಮುಂಜಾನೆಯಿಂದ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ಸೊಪ್ಪು ತರಲು ಅವಳಿಗೆ ಬಿಡುವಿಲ್ಲದ್ದು ಕಂಡು, “ನಾನ್ ತತ್ತೆ” ಎಂದು ಬುಟ್ಟಿ ತೆಗೆದುಕೊಂಡು ಹೊರಟೆ.

ತೊರೆಗೆ ಹೋಗುವ ದಾರಿಯಲ್ಲಿ ಪಕ್ಕದ ರೈತನ ಮನೆ. ದಾರಿಯಂಚಿನಲ್ಲಿ ಅಲ್ಲಲ್ಲಿ ಇದ್ದ ಎಲೆಗಳನ್ನು ಕೀಳುತ್ತ ಹೋದೆ. ಕಾಲು ಬುಟ್ಟಿ ಆಗಿರಬೇಕು, ಆ ಮನೆಯ ನಾಯಿ ಬೇಲಿಯ ಸಂದಿನಿಂದ ಹೊರಬಂದು ದಾರಿಗೆ ಅಡ್ಡ ನಿಂತಿತು. ಕರುವಿನಷ್ಟು ದೊಡ್ಡದು. ಒಂದೇ ಸಲ ಬೊಗಳಿತು. ಕೋಡಿಯ ನಾಯಿಗಳಿಗಾದರೆ ಮೀನಿನ ತಲೆ ಎಸೆದು ದಾಟಬಹುದು. ಇಲ್ಲಿ ಏನು ಎಸೆಯಲಿ? ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ವಾಪಸು ಬಂದೆ.

ಅಷ್ಟು ಸೊಪ್ಪು ಸಾಲದು. ನಾಯಿಗೆ ಹೆದರಿ ಬಂದೆ ಎಂದು ಹೇಳುವುದು ಹೇಗೆ? ವಸತಿಗೃಹದ ಹಿಂದೆ ಕಟ್ಟಿಗೆ ಕೊಟ್ಟಿಗೆ ಇತ್ತು. ಅದರ ನೆರಳಿನಲ್ಲಿ ಅದೇ ಎಲೆಗಳ ಹಾಸು ಕಂಡಿತು. ಅದೇ ಉದ್ದ, ಅದೇ ಬಣ್ಣ, ಅದೇ ಸಮಾನಾಂತರ ನರಗಳು. ಒಂದನ್ನು ಹರಿದು ಮೂಸಿದೆ. ಬೆಳ್ಳುಳ್ಳಿ. ಇನ್ನೊಂದನ್ನು ಮೂಸಿದೆ. ಬೆಳ್ಳುಳ್ಳಿ. ಹತ್ತು ನಿಮಿಷದಲ್ಲಿ ಬುಟ್ಟಿ ತುಂಬಿತು.

ಅಶ್ವಿನಿ ಬುಟ್ಟಿಗೆ ಮೂಗಿಟ್ಟು, “ಭಾರೀ ಪರಿಮಳ” ಎಂದು ನಕ್ಕಳು. ತೊಳೆದಳು, ಹೆಚ್ಚಿದಳು, ಚೀಸಿಗೆ ನಾದಿದಳು. ಅವಳ ಬೆರಳು ಹೂ ಜೋಡಿಸುವುದನ್ನು ನೋಡುತ್ತ ಅತ್ತಿಗೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ನಾಲ್ಕು ಸುರುಳಿಗಳು ಫ್ರಿಜ್ಜಿಗೆ ಹೋದವು.

ಗಿಫ್ಟ್

ಹನ್ನೊಂದರ ಹೊತ್ತಿಗೆ ತಟ್ಟೆಯ ನಡುವೆ ಇಡಲು ಏನಾದರೂ ಚೆಂದದ್ದು ಸಿಗುತ್ತದೆಯೇ ಎಂದು ಮತ್ತೆ ಹೊರಗೆ ಹೋದೆ. ಕೊಟ್ಟಿಗೆಯ ಹಿಂದೆ, ನಾನು ಎಲೆ ಕಿತ್ತ ಜಾಗದ ಅಂಚಿನಲ್ಲೇ, ಬೆಳಿಗ್ಗೆ ಕಾಣದ ಒಂದು ಹೂ ಕಂಡಿತು. ಬಾಗಿದ ದಂಟಿನಲ್ಲಿ ಸಾಲಾಗಿ ಪುಟ್ಟ ಬಿಳಿ ಗಂಟೆಗಳು. ಬೆಳ್ಳಿಯ ಕಾಲ್ಗೆಜ್ಜೆಯಿಂದ ಕಳಚಿ ತಂದ ಗೆಜ್ಜೆಗಳಂತಿದ್ದವು. ಎರಡು ದಂಟು ಕಿತ್ತು ಹೆಮ್ಮೆಯಿಂದ ಅಡುಗೆಮನೆಗೆ ತಂದೆ.

ಮಾರ್ಥಾ ಅದನ್ನು ಎರಡು ಬೆರಳಲ್ಲಿ ನನ್ನ ಕೈಯಿಂದ ತೆಗೆದು ಕಸದ ಡಬ್ಬಿಗೆ ಹಾಕಿದರು. “ಗಿಫ್ಟಿಗ್” ಎಂದರು. ತಮ್ಮ ಕೈ ತೊಳೆದರು. ನನ್ನ ಮಣಿಕಟ್ಟು ಹಿಡಿದು ನಳ್ಳಿಯ ಕೆಳಗೆ ಒಡ್ಡಿ ನನ್ನ ಕೈಯನ್ನೂ ತೊಳೆಸಿದರು. ಆಮೇಲೆ ತಮ್ಮ ಸೂಪಿನ ಕಡೆಗೆ ತಿರುಗಿದರು.

“ಗಿಫ್ಟ್ ಕೊಟ್ರೆ ಬಿಸಾಡುದಾ ಇವ್ರ್?” ಎಂದರು ಅತ್ತಿಗೆ.

ಅಶ್ವಿನಿ ಕೆಲಸದಿಂದ ತಲೆಯೆತ್ತದೆ ನಕ್ಕಳು. “ಇಲ್ಲಿ ಗಿಫ್ಟ್ ಅಂದ್ರೆ ವಿಷ ಅಮ್ಮ. ಆ ಗಿಡದ್ ಹೂಗು, ಎಲಿ ಎಲ್ಲಾ ವಿಷ. ಎದಿ ಬಡ್ತವೇ ನಿಲ್ಲತ್ತಂಬ್ರ್. ಅತ್ತೆಗೆ ಗೊತ್ತಿತ್ತಲೆ, ಮೊನ್ನೆ ಮಾರ್ಥಾ ಹೇಳಿದ್ದ್ ಅದನ್ನೇ.”

ಎಲಿ ಎಲ್ಲಾ ವಿಷ.

ಯಾರಿಗೂ ಏನೂ ಹೇಳದೆ ಕೊಟ್ಟಿಗೆಯ ಹಿಂದಕ್ಕೆ ಓಡಿದೆ. ಮಂಡಿಯೂರಿ ನೋಡಿದೆ. ಕೆಲವು ಎಲೆಗಳು ಒಂದೊಂದಾಗಿ ನೆಲದಿಂದ ಎದ್ದಿದ್ದವು. ಇನ್ನು ಕೆಲವು ಒಂದೇ ದಂಟಿಗೆ ಎರಡೆರಡು, ಒಂದನ್ನೊಂದು ಅಪ್ಪಿಕೊಂಡು. ಅವುಗಳ ಬೆನ್ನು ಮಿರಮಿರ ಹೊಳೆಯುತ್ತಿತ್ತು. ಎರಡೂ ಬಗೆಯ ನಡುವೆ ನಾನು ಚಿವುಟಿದ ಗಾಯಗಳು ಹಸಿಯಾಗಿದ್ದವು. ಆಗಷ್ಟೇ ತೊಳೆದ ಕೈಯಲ್ಲಿ ಹೊಳೆಯುವ ಎಲೆಯೊಂದನ್ನು ಹರಿದು ಮೂಸಿದೆ. ಬರಿಯ ಹುಲ್ಲಿನ ವಾಸನೆ. ಬೆಳಿಗ್ಗೆ ನಾನು ಮೂಸಿದ್ದು ಎಲೆಯನ್ನಲ್ಲ, ಬೆಳ್ಳುಳ್ಳಿ ಅಂಟಿದ್ದ ನನ್ನ ಬೆರಳನ್ನು.

ಕಟ್ಟಿಗೆಯ ರಾಶಿಯ ಮೇಲೆ ಕೂತೆ. ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಆದರೆ ನನ್ನ ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಬಹುಶಃ ಸರಿಯಾದ ಎಲೆಗಳನ್ನೇ ಕಿತ್ತಿರಬಹುದು. ಒಂದೆರಡು ಸೇರಿದ್ದರೂ ಹದಿನಾರು ಜನಕ್ಕೆ ಹಂಚಿಹೋಗುತ್ತದೆ. ಹೇಳಿದರೆ ಅಶ್ವಿನಿಯ ತಟ್ಟೆ ಹೋಯಿತು, ಕೆಲಸ ಹೋಯಿತು. ಪ್ರೊಫೆಸರ್ ಎಂದವರ ಮುಖವನ್ನು ಹೇಗೆ ನೋಡಲಿ? ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೆ, ಗೊತ್ತಿಲ್ಲದಿದ್ದರೆ ಕೈಯೆತ್ತಿ ಕೇಳಿ ಎಂದು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಮುಂದಿನ ಅಂಗಳದಲ್ಲಿ ಕಾರುಗಳ ಸದ್ದು ಕೇಳಿದಾಗ ಎದ್ದೆ. ಅರ್ಧ ಗಂಟೆಯಾಗಿತ್ತು.

ಅಡುಗೆಮನೆಗೆ ಬಂದಾಗ ಅಶ್ವಿನಿ ಮೊದಲ ಸುರುಳಿಯ ಕಾಗದ ಬಿಡಿಸಿದ್ದಳು. ಅಷ್ಟು ಚೆಲುವಾದ ತಿಂಡಿಯನ್ನು ನಾನು ಈ ತನಕ ನೋಡಿಲ್ಲ. ಅವಳ ಮುಖವೂ ಹಾಗೆಯೇ ಅರಳಿತ್ತು. ಈಗ ಹೇಳುತ್ತೇನೆ, ಈ ಸುರುಳಿ ಕತ್ತರಿಸಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಿರುವಾಗಲೇ ಅವಳು ತುದಿಯ ತುಂಡನ್ನು ಕೊಯ್ದು ಮೂರು ಪಾಲು ಮಾಡಿದಳು. ಒಂದನ್ನು ಅಮ್ಮನ ಕೈಗೆ, ಒಂದನ್ನು ನನ್ನ ಕೈಗೆ ಕೊಟ್ಟು ಮೂರನೆಯದನ್ನು ಬಾಯಿಗೆ ಹಾಕಿಕೊಂಡಳು.

ನಾನು ನನ್ನ ತುಂಡನ್ನು ಮೇಜಿನ ಮೇಲೆ ಇಟ್ಟೆ.

ಅತ್ತಿಗೆ ಅಗಿದು ನುಂಗಿ, “ಲಾಯ್ಕಿತ್ತಲೆ! ಟೀಚರ್ರೆ, ನೀವೂ ತಿನ್ನಿ” ಎಂದರು.

“ತಿನ್ಬೇಡಿ” ಎಂದೆ. “ಅದ್ರಗೆ ಆ ಎಲಿ ಇತ್ತ್. ಆ ಗಂಟಿ ಹೂಗಿನ ಎಲಿ. ಯಾರಿಗೂ ಕೊಡ್ಬೇಡಿ.”

ಅಶ್ವಿನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತೊಟ್ಟಿಗೆ ಬಾಗಿ ಉಗುಳಿದಳು, ಬಾಯಿ ತೊಳೆದಳು. ಹೆಚ್ಚಿನದು ಒಳಗೆ ಹೋಗಿತ್ತು. ಮಾರ್ಥಾರಿಗೆ ಜರ್ಮನ್‌ನಲ್ಲಿ ಹೇಳಿದಳು. ಮಾರ್ಥಾ ಕೂಗಾಡಲಿಲ್ಲ. ಸೂಪಿನ ಒಲೆ ಆರಿಸಿದರು. ನಾಲ್ಕು ಸುರುಳಿಗಳನ್ನೂ ಎತ್ತಿ ಕಸಕ್ಕೆ ಸುರಿದರು. ಬುಟ್ಟಿಯಲ್ಲಿ ಉಳಿದ ಎಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಡಾಕ್ಟರಿಗೆ ತೋರಿಸಲು ನನ್ನ ಕೈಗಿತ್ತರು. ಫೋನಿನಲ್ಲಿ ಮಾತಾಡಿ, ಪಕ್ಕದ ರೈತನನ್ನು ಕಾರು ತರಲು ಕರೆದರು.

ಕಣಿವೆಯ ಆಸ್ಪತ್ರೆ

ಅಶ್ವಿನಿ ಮುಂದೆ ಕೂತಳು. ಹಿಂದಿನ ಸೀಟಿನಲ್ಲಿ ಅತ್ತಿಗೆ, ನಾನು, ಮತ್ತು ಬೆಳಿಗ್ಗೆ ನನ್ನನ್ನು ಹೆದರಿಸಿ ವಾಪಸು ಕಳಿಸಿದ ಆ ನಾಯಿ. ಇಳಿಸಿ ಬರಲು ರೈತನಿಗೆ ಪುರುಸೊತ್ತಾಗಿರಲಿಲ್ಲ. ಬೆಟ್ಟದ ತಿರುವುಗಳಲ್ಲಿ ಅದು ತನ್ನ ಭಾರವನ್ನೆಲ್ಲ ನನ್ನ ಮೇಲೆ ಹಾಕಿ ಒರಗಿತು. ಹೆದರಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅತ್ತಿಗೆಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದೆ. ಎಣಿಕೆ ತಪ್ಪುತ್ತಿತ್ತು, ಮತ್ತೆ ಶುರುಮಾಡುತ್ತಿದ್ದೆ.

“ಹೆದ್ರಬೇಡಿ ಟೀಚರ್ರೆ” ಎಂದರು ಅತ್ತಿಗೆ. “ನಂಗೆ ಎಂತದೂ ಆಯ್ಲಿಲ್ಲೆ.” ಹಾಗೆಂದ ಐದು ನಿಮಿಷಕ್ಕೆ ಕಾರು ನಿಲ್ಲಿಸಲು ಹೇಳಿ ವಾಂತಿ ಮಾಡಿದರು.

ಆಸ್ಪತ್ರೆಯಲ್ಲಿ ನಮ್ಮೂರಿನ ಗಲಾಟೆಯಿಲ್ಲ. ಕುಂದಾಪುರದಲ್ಲಿ ಯಾರನ್ನಾದರೂ ಒಳಗೆ ಸೇರಿಸಿದರೆ ಹೊರಗೆ ಹತ್ತು ಮಂದಿ ನೆಂಟರು, ಗಂಜಿ ತರುವವರು, ಸಮಾಧಾನ ಹೇಳುವವರು. ಇಲ್ಲಿ ಉದ್ದನೆಯ ಬಿಳಿ ಹಾದಿ, ಅದರ ತುದಿಗೆ ನಾನೊಬ್ಬಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಚೀಲದ ಎಲೆಗಳನ್ನು ಮೇಜಿನ ಮೇಲೆ ಎರಡು ರಾಶಿ ಮಾಡಿದರು. ದೊಡ್ಡ ರಾಶಿ ಬೆಳ್ಳುಳ್ಳಿಯದು. ಸಣ್ಣ ರಾಶಿಯನ್ನು ಪೆನ್ನಿನ ತುದಿಯಿಂದ ತೋರಿಸಿ, “ಹೌದು, ಇದೆ” ಎಂದರು. ತಿಂದದ್ದು ಸ್ವಲ್ಪ, ಬೇಗ ಬಂದಿದ್ದೀರಿ, ಆದರೂ ಸಂಜೆಯ ತನಕ ಇಬ್ಬರ ಹೃದಯವನ್ನೂ ನೋಡುತ್ತಿರಬೇಕು ಎಂದರು. ನೀವು ತಿಂದಿರಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಅಷ್ಟು ಸಣ್ಣ ಉತ್ತರ ಹೇಳಲು ಅಷ್ಟು ಕಷ್ಟವಾದದ್ದು ನನಗೆ ನೆನಪಿಲ್ಲ.

ಅಕ್ಕಪಕ್ಕದ ಹಾಸಿಗೆಗಳಲ್ಲಿ ತಾಯಿ, ಮಗಳು. ಎದೆಗೆ ತಂತಿಗಳು. ಪರದೆಯ ಮೇಲೆ ಹಸಿರು ಗೆರೆಗಳು ಏರಿ ಇಳಿಯುತ್ತಿದ್ದವು. ನಾನು ನಡುವಿನ ಕುರ್ಚಿಯಲ್ಲಿ ಕೂತು ಒಮ್ಮೆ ಆ ಗೆರೆ, ಒಮ್ಮೆ ಈ ಗೆರೆ ನೋಡುತ್ತಿದ್ದೆ. ಅತ್ತಿಗೆಗೆ ನಿದ್ದೆ ಹತ್ತಿತು. ಅಶ್ವಿನಿ ಚಾವಣಿ ನೋಡುತ್ತಲೇ ಹೇಳಿದಳು.

“ನಿಮ್ ತುಂಡ್ ನೀವ್ ಕೆಳಗಿಟ್ರಿ ಅತ್ತೆ.”

ನಾನು ಅತ್ತಿಗೆಯ ಹೊದಿಕೆ ಸರಿಮಾಡಿದೆ.

“ಅಂದ್ರೆ ನಿಮ್ಗೆ ಮೊದ್ಲೇ ಗೊತ್ತಿತ್ತ್. ನಾನ್ ಬಾಯಿಗ್ ಹಾಕುಕೂ ಮೊದ್ಲೇ ಗೊತ್ತಿತ್ತ್.”

“ಸಂಶಯ ಇತ್ತ್...”

“ಸಂಶಯ ಇತ್ತ್ ಅಂದೇಳಿ ಹೇಳುಕೆ ಎಂತ ಆಯ್ತ್ ನಿಮ್ಗೆ? ಎಲಿ ತಪ್ಪಿದ್ದಕ್ಕೆ ನಂಗೆ ಸಿಟ್ಟಿಲ್ಲೆ. ನಾನೂ ಒಂದೊಂದೇ ಎಲಿ ಮೂಸ್ಲಿಲ್ಲೆ. ಆದ್ರೆ ಅಮ್ಮ ನಿಮ್ ಎದ್ರೇ ನುಂಗಿದ್ದ್.”

ನಾಚಿಕೆಯಾಯಿತು ಎಂಬುದೊಂದೇ ನಿಜವಾದ ಉತ್ತರ. ಅದನ್ನೇ ಹೇಳಿದೆ. ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಪರದೆಯ ಮೇಲೆ ಅವಳ ಗೆರೆ ಸ್ವಲ್ಪ ಹೊತ್ತು ವೇಗವಾಗಿ ಓಡಿತು. ಅದಕ್ಕೂ ನಾನೇ ಕಾರಣ ಎಂದು ನೋಡುತ್ತ ಕೂತೆ.

ಐದು ಗಂಟೆಯ ಹೊತ್ತಿಗೆ ತಂತಿಗಳನ್ನು ತೆಗೆದರು. ಅತ್ತಿಗೆ ಎದ್ದು ಸೀರೆ ಸರಿಮಾಡಿಕೊಳ್ಳುತ್ತ, “ಹೊಟ್ಟಿ ಖಾಲಿ ಆಯ್ತ್. ಈ ಊರಗೆ ಒಂಚೂರ್ ಗಂಜಿ ಸಿಕ್ಕುದಾ?” ಎಂದು ಕೇಳಿದರು. ಅಶ್ವಿನಿ ನಕ್ಕಳು. ನನ್ನ ಕಡೆ ನೋಡಲಿಲ್ಲ.

ಸಂಜೆ, ಮೇಜಿನ ಬಳಿ

ಮಾರ್ಥಾ ಗಂಜಿಯ ಬದಲು ಬಿಸಿ ಸೂಪು ಇಟ್ಟಿದ್ದರು. ಹದಿನಾರು ಮಂದಿಗೆ ಅವರು ನಿಜವನ್ನೇ ಹೇಳಿದ್ದರಂತೆ: ಮೊದಲ ತಟ್ಟೆಯಲ್ಲಿ ಸಂಶಯದ ಎಲೆ ಇತ್ತು, ಎಸೆದಿದ್ದೇವೆ, ಕಾಯಬೇಕು. ಸೊಪ್ಪು ಸೇರಿಸದೆ ಉಳಿದಿದ್ದ ಬಿಳಿ ಚೀಸಿನ ಮೇಲೆ ಕಿಟಕಿ ಪೆಟ್ಟಿಗೆಯ ನಾಲ್ಕು ಹೂ ಇಟ್ಟು ಕೊಟ್ಟರಂತೆ. ಯಾರೂ ಗೊಣಗಲಿಲ್ಲ. ಒಬ್ಬ ಅಜ್ಜಿ ಅಡುಗೆಮನೆಗೇ ಬಂದು ಹುಡುಗಿ ಹೇಗಿದ್ದಾಳೆ ಎಂದು ವಿಚಾರಿಸಿ ಹೋದರಂತೆ.

ಆಮೇಲೆ ಮಾರ್ಥಾ ಅಶ್ವಿನಿಗೆ ನಿಧಾನವಾಗಿ ಏನೋ ಹೇಳಿದರು. ಅವಳು ತಲೆಯಾಡಿಸುತ್ತ ಕೇಳಿ ನಮಗೆ ಕನ್ನಡದಲ್ಲಿ ಹೇಳಿದಳು. “ಎಸೆದದ್ದಕ್ಕೆ ಬೇಜಾರಿಲ್ಲೆ ಅಂಬ್ರ್. ಆರೆ ಅಡ್ಗಿ ಮಾಡುವಳ್ ಒಂದೊಂದ್ ಎಲಿಯನ್ನೂ ತಾನೇ ಕಾಣ್ಕ್ ಅಂಬ್ರ್, ಸ್ವಂತ ಅಮ್ಮ ತಂದ್ ಕೊಟ್ರೂ. ಮುಂದಿನ್ ಭಾನುವಾರ ಮತ್ತೊಂದ್ ಸಲ ಮಾಡ್ ಅಂದ್ರ್. ಖಾಯಂ ಮಾಡುದ್ ಅದ್ನ್ ಕಂಡ್ ಮೇಲೆ.”

ನಾನು ಮಾರ್ಥಾರ ಕೈ ಹಿಡಿದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಆ ದಿನ ತೊರೆಯ ಬಳಿ ನೀವು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ, ಅರ್ಥವಾದಂತೆ ನಟಿಸಿದೆ ಎಂದೂ ಹೇಳಿದೆ. ಅವರು ಸೂಪಿನ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ಮತ್ತೆ ಪ್ರೊಫೆಸರ್ ಎನ್ನಲಿಲ್ಲ.

ತೊರೆಯ ಬದಿ

ಆ ವಾರ ಅಶ್ವಿನಿ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಚಹಾ ಬೇಕಾ, ಚಳಿಯಾಗುತ್ತಿದೆಯಾ, ಅಷ್ಟೆ. ಮುಂದಿನ ಭಾನುವಾರ ಬೆಳಕು ಹರಿಯುವಾಗ ಅವಳು ಬುಟ್ಟಿ ತೆಗೆದುಕೊಂಡು ಹೊರಟದ್ದು ಕಂಡು ನಾನೂ ಚಪ್ಪಲಿ ಮೆಟ್ಟಿದೆ. ಬೇಡ ಎನ್ನಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ತೊರೆಯ ಬದಿಯಲ್ಲಿ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ನಾನು ಒಂದೊಂದೇ ಎಲೆ ಕಿತ್ತು ಕೊಡುತ್ತಿದ್ದೆ. ಅವಳು ಬುಡ ನೋಡಿ, ಬೆನ್ನು ತಿರುಗಿಸಿ ನೋಡಿ, ಹರಿದು ಮೂಸಿ ಬುಟ್ಟಿಗೆ ಹಾಕುತ್ತಿದ್ದಳು. ನಾಲ್ಕು ಎಲೆಗೊಮ್ಮೆ ಇಬ್ಬರೂ ತೊರೆಯಲ್ಲಿ ಕೈ ತೊಳೆಯುತ್ತಿದ್ದೆವು. ಹಿಮ ಕರಗಿದ ನೀರು. ಬೆರಳುಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಕಾಲು ಗಂಟೆ ಹೀಗೇ ನಡೆಯಿತು. ಅವಳು ಒಂದು ಎಲೆಯನ್ನು ಮೂಸಿದಳು, ಮತ್ತೆ ಮೂಸಿದಳು, ಮೂಗು ಒರೆಸಿಕೊಂಡಳು. ಚಳಿಗೆ ಮೂಗು ಕಟ್ಟಿತ್ತು.

“ಇದ್ ನೀವ್ ಕಾಣಿ ಅತ್ತೆ” ಎಂದು ಎಲೆಯನ್ನು ನನ್ನ ಕಡೆ ಚಾಚಿದಳು.

ಕೈ ತೊಳೆದು ಸೆರಗಿಗೆ ಒರೆಸಿ ತೆಗೆದುಕೊಂಡೆ. ಬೆನ್ನು ಅಷ್ಟೇನೂ ಹೊಳೆಯುತ್ತಿರಲಿಲ್ಲ. ಬುಡ ಹರಿದುಹೋಗಿತ್ತು, ಒಂಟಿಯೋ ಜೋಡಿಯೋ ತಿಳಿಯುವಂತಿರಲಿಲ್ಲ. ಮೂಸಿದೆ. ಬೆಳ್ಳುಳ್ಳಿ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ನಂಗೆ ಗೊತ್ತಾತಿಲ್ಲೆ” ಎಂದೆ.

ಅಶ್ವಿನಿ ಅದನ್ನು ನನ್ನ ಕೈಯಿಂದ ತೆಗೆದು ತೊರೆಗೆ ಎಸೆದಳು. “ಸರಿ, ಇನ್ನೊಂದ್ ಕೊಡಿ” ಎಂದು ಕೈ ಚಾಚಿದಳು.